ದಾರ ಕತ್ತರಿಸುವವರು ಮತ್ತು 26ನೇ ಒಡಂಬಡಿಕೆ: ಒಂದು ಸಂಶೋಧನಾ ವಿಷಯ ರೂಪುಗೊಂಡ ಪ್ರಕರಣ

ಬಳ್ಳಾರಿಯ ಕಾನೂನು ಕಾಲೇಜೊಂದರಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬರು 2025ರ ಮಳೆಗಾಲದಲ್ಲಿ ನನ್ನ ಬಳಿಗೆ ತಂದ ಮೊದಲ ಶೀರ್ಷಿಕೆ ‘ಅಂತಾರಾಷ್ಟ್ರೀಯ ಕಾರ್ಮಿಕ ಕಾನೂನು ಮತ್ತು ಭಾರತದಲ್ಲಿ ಅದರ ಅನುಷ್ಠಾನ’ ಎಂಬುದಾಗಿತ್ತು. ಆರು ತಿಂಗಳ ನಂತರ ಆಕೆ ಒಪ್ಪಿಸಿದ ಪ್ರಬಂಧ ಕನಿಷ್ಠ ವೇತನ ಕುರಿತ 1928ರ ಒಂದು ಅಂತಾರಾಷ್ಟ್ರೀಯ ಒಡಂಬಡಿಕೆಯ (26ನೆಯದು) ಮೊದಲನೆಯ ವಿಧಿಯಲ್ಲಿ, ಆವರಣ ಚಿಹ್ನೆಯೊಳಗೆ ಕುಳಿತಿರುವ ಕೆಲವೇ ಪದಗಳ ಮೇಲೆ ನಿಂತಿತ್ತು. ಅಲ್ಲಿಂದ ಇಲ್ಲಿಗೆ ಬಂದ ದಾರಿಯನ್ನು, ದಾರಿ ತಪ್ಪಿದ ಕಡೆಗಳನ್ನೂ ಬಿಡದೆ, ಮಾರ್ಗದರ್ಶಕನಾಗಿ ನಾನು ಕಂಡಂತೆ ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲ ಶೀರ್ಷಿಕೆಯನ್ನು ನಾನು ನಿರಾಕರಿಸಲಿಲ್ಲ. ಅದರ ಹರವು ಎಷ್ಟೆಂದು ಎಣಿಸಿಕೊಂಡು ಬರಲು ಹೇಳಿದೆ, ಅಷ್ಟೆ. 1919ರಿಂದ ಈಚೆಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 190ಕ್ಕೂ ಹೆಚ್ಚು ಒಡಂಬಡಿಕೆಗಳನ್ನು ಅಂಗೀಕರಿಸಿದೆ. ಅವುಗಳಲ್ಲಿ ಭಾರತ ಅನುಮೋದಿಸಿರುವುದು 47. ಮೂಲಭೂತವೆಂದು ಹೆಸರಿಸಲಾದ ಹತ್ತರಲ್ಲಿ ಆರನ್ನು ಒಪ್ಪಿಕೊಂಡಿರುವ ಭಾರತ, ಸಂಘಟನಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ 87 ಮತ್ತು 98ನೇ ಒಡಂಬಡಿಕೆಗಳನ್ನೂ, 2022ರಲ್ಲಿ ಆ ಪಟ್ಟಿಗೆ ಸೇರಿದ ಸುರಕ್ಷತೆಯ 155 ಮತ್ತು 187ನೆಯವುಗಳನ್ನೂ ಹೊರಗಿಟ್ಟಿದೆ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದ ದಿನವೇ ಆ ಶೀರ್ಷಿಕೆಯನ್ನು ಆಕೆಯೇ ಹೊಡೆದುಹಾಕಿದರು.

ಎರಡನೆಯ ಆಯ್ಕೆ ಸಂಡೂರಿನ ಗಣಿಗಳಲ್ಲಿ ಬಾಲಕಾರ್ಮಿಕತೆ. ನಮ್ಮ ಜಿಲ್ಲೆಯ ವಿದ್ಯಾರ್ಥಿಗಳು ಕಾರ್ಮಿಕ ಕಾನೂನು ಎಂದೊಡನೆ ಗಣಿಯ ಕಡೆಗೆ ತಿರುಗುವುದು ಸಹಜವೇ. ಕನಿಷ್ಠ ವಯಸ್ಸಿನ 138ನೇ ಒಡಂಬಡಿಕೆಯನ್ನೂ ಬಾಲಕಾರ್ಮಿಕತೆಯ ಅತಿ ಕೆಟ್ಟ ಸ್ವರೂಪಗಳ ಕುರಿತ 182ನೆಯದನ್ನೂ ಭಾರತ 2017ರ ಜೂನ್‌ನಲ್ಲಿ ಅನುಮೋದಿಸಿರುವುದರಿಂದ ಕಾನೂನಿನ ನೆಲೆಯೂ ಗಟ್ಟಿಯಾಗಿತ್ತು. ತೊಡಕಿದ್ದದ್ದು ಸಾಮಗ್ರಿಯಲ್ಲಿ. ಆಕೆ ಒಟ್ಟುಮಾಡಿದ ವರದಿಗಳೆಲ್ಲ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವ ಮುಂಚಿನ ಕಾಲದವು. ಅದಿರಿನ ಬೆಲೆ ಏರಿದ್ದಾಗ ಮನೆಮಂದಿಯೆಲ್ಲ ಅದಿರು ಒಡೆಯುತ್ತಿದ್ದ ಆ ಹೊತ್ತಿನ ಚಿತ್ರವನ್ನು 2025ರ ಪ್ರಬಂಧದಲ್ಲಿ ವರ್ತಮಾನಕಾಲದಲ್ಲಿ ಬರೆದರೆ ಅದು ಸುಳ್ಳಾಗುತ್ತದೆ. ಭೂತಕಾಲದಲ್ಲಿ ಬರೆದರೆ ಇತಿಹಾಸವಾಗುತ್ತದೆ. ಇತಿಹಾಸ ಬರೆಯಬಾರದೆಂದಲ್ಲ, ಆದರೆ ಆಕೆ ಕೇಳಬಯಸಿದ್ದ ಪ್ರಶ್ನೆ ಅದಾಗಿರಲಿಲ್ಲ.

ಮೂರನೆಯ ವಿಷಯ ಆಯ್ಕೆಯಾಗಿ ಬರಲಿಲ್ಲ, ನೆಪವಾಗಿ ಬಂತು. ಒಪ್ಪಿಸಬೇಕಾದ ರೂಪರೇಖೆ ಎರಡು ಬಾರಿ ತಪ್ಪಿದಾಗ ಕಾರಣ ಕೇಳಿದೆ. ಸಿರುಗುಪ್ಪ ಕಡೆಯವರಾದ ಆಕೆ ಕೌಲ್ ಬಜಾರಿನಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಇದ್ದು ಓದುತ್ತಿದ್ದರು. “ಮನ್ಯಾಗ ಕುಂತು ಬರಿಯಾಕ ಜಾಗಾನ ಇರಲ್ಲ ಸರ್. ಸಂಜಿ ಆತಂದ್ರ ನಡುಮನಿ ತುಂಬ ಪ್ಯಾಂಟಿನ ಗಂಟು. ಚಿಕ್ಕಮ್ಮ, ಬಾಜೂ ಮನಿಯೋರು ಎಲ್ರೂ ಕುಂತು ದಾರ ಕತ್ತರಿಸ್ತಾರ” ಎಂದರು. ಬಳ್ಳಾರಿಯ ಜೀನ್ಸ್ ಉದ್ದಿಮೆಯನ್ನು ಬಲ್ಲವರಿಗೆ ಈ ಮಾತಿನಲ್ಲಿ ಹೊಸತೇನಿಲ್ಲ. ಬಟ್ಟೆ ಕತ್ತರಿಸುವುದು ಒಂದು ಕಡೆ, ಹೊಲಿಯುವುದು ಇನ್ನೊಂದು ಕಡೆ, ಬಣ್ಣ ಇಳಿಸಿ ತೊಳೆಯುವುದು ವಾಷಿಂಗ್ ಘಟಕದಲ್ಲಿ. ಈ ಹಂತಗಳ ನಡುವೆ ಹೊಲಿಗೆಯ ತುದಿಗಳಲ್ಲಿ ಉಳಿಯುವ ದಾರವನ್ನು ಕತ್ತರಿಸುವಂಥ ಬಿಡಿ ಕೆಲಸಗಳು ಗಂಟು ಕಟ್ಟಿಕೊಂಡು ಮನೆಮನೆಗೆ ಹೋಗುತ್ತವೆ, ತುಂಡಿಗಿಷ್ಟು ಎಂಬ ಲೆಕ್ಕದಲ್ಲಿ. ನಾನು ರೂಪರೇಖೆಯ ಮಾತು ಬಿಟ್ಟು, ಆ ಗಂಟನ್ನು ತರುವವರು ಯಾರು, ಕೂಲಿ ಕೊಡುವವರು ಯಾರು ಎಂದು ಕೇಳಿದೆ. ಗಂಟು ತರುವಾತ ಗೊತ್ತು, ಅವನ ಹಿಂದಿರುವ ಮಾಲೀಕ ಯಾರೆಂದು ಚಿಕ್ಕಮ್ಮನಿಗೂ ಗೊತ್ತಿಲ್ಲ ಎಂಬ ಉತ್ತರ ಬಂತು. ಪ್ರಬಂಧ ಹುಟ್ಟಿದ್ದು ಆ ಉತ್ತರದಿಂದ ಎಂದು ಈಗ ಅನ್ನಿಸುತ್ತದೆ. ಆ ದಿನ ನನಗೂ ಅದು ಅಷ್ಟು ಸ್ಪಷ್ಟವಿರಲಿಲ್ಲ.

ಹುಡುಕಾಟ ತೊಡಗಿದ ವಾರದೊಳಗೆ ಆಕೆಗೆ 1996ರ 177ನೇ ಒಡಂಬಡಿಕೆ, ಅಂದರೆ ಗೃಹ ಕೆಲಸದ ಒಡಂಬಡಿಕೆ ಸಿಕ್ಕಿತು. ಉದ್ಯೋಗದಾತನ ಕೆಲಸದ ಜಾಗದಲ್ಲಲ್ಲದೆ ತನ್ನ ಮನೆಯಲ್ಲೋ ತಾನು ಆರಿಸಿಕೊಂಡ ಬೇರೆ ಜಾಗದಲ್ಲೋ, ಸಂಭಾವನೆಗಾಗಿ, ಉದ್ಯೋಗದಾತ ಹೇಳಿದಂಥ ವಸ್ತುವನ್ನೋ ಸೇವೆಯನ್ನೋ ಒದಗಿಸುವ ವ್ಯಕ್ತಿ ಗೃಹ ಕಾರ್ಮಿಕ. ಸಲಕರಣೆ, ಸಾಮಗ್ರಿ ಯಾರದೆಂಬುದು ಮುಖ್ಯವಲ್ಲ. ಇತರ ಕೂಲಿ ಕಾರ್ಮಿಕರೊಂದಿಗೆ ಸಮಾನವಾಗಿ ನಡೆಸಿಕೊಳ್ಳಬೇಕೆಂಬುದು ಅದರ ನಾಲ್ಕನೆಯ ವಿಧಿ. ಈ ಒಡಂಬಡಿಕೆ ಬರುವುದಕ್ಕೆ ಒತ್ತಾಯಿಸಿದವರಲ್ಲಿ ಇಳಾ ಭಟ್ ಅವರು 1972ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ‘ಸೇವಾ’ ಸಂಘಟನೆ ಮುಂಚೂಣಿಯಲ್ಲಿತ್ತು. ವಿದ್ಯಾರ್ಥಿನಿ ಹದಿನೈದು ಪುಟ ಬರೆದು ತಂದರು. ಅದರಲ್ಲಿ ಒಂದು ವಾಕ್ಯ: ‘ಭಾರತವು ಈ ಒಡಂಬಡಿಕೆಯನ್ನು 1996ರಲ್ಲಿ ಅಂಗೀಕರಿಸಿದೆ.’

ಇಲ್ಲಿ ನಡೆದ ತಪ್ಪು ಬಹುಮಂದಿ ವಿದ್ಯಾರ್ಥಿಗಳು ಮಾಡುವಂಥದ್ದು. ಆದ್ದರಿಂದ ಕೊಂಚ ವಿವರಿಸಬೇಕು. ಜಿನೀವಾದಲ್ಲಿ ಸೇರುವ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಒಡಂಬಡಿಕೆಯ ಪಠ್ಯವನ್ನು ಮತಕ್ಕೆ ಹಾಕಿ ಒಪ್ಪುವುದು ಅಂಗೀಕಾರ. ಸರ್ಕಾರಗಳೊಂದಿಗೆ ಮಾಲೀಕರ, ಕಾರ್ಮಿಕರ ಪ್ರತಿನಿಧಿಗಳೂ ಅಲ್ಲಿ ಮತ ಹಾಕುತ್ತಾರೆ. ಆ ಪಠ್ಯಕ್ಕೆ ತಾನು ಬದ್ಧನೆಂದು ಒಂದು ರಾಷ್ಟ್ರ ಆಮೇಲೆ ವಿಧಿವತ್ತಾಗಿ ತಿಳಿಸುವುದು ಅನುಮೋದನೆ. ಮೊದಲನೆಯದು ಸಂಘಟನೆಯ ಕ್ರಿಯೆ, ಎರಡನೆಯದು ರಾಷ್ಟ್ರದ್ದು. ಕನ್ನಡದ ಬರಹಗಳಲ್ಲಿ ಎರಡಕ್ಕೂ ‘ಅಂಗೀಕಾರ’ವೆಂದೇ ಬಳಸುವ ಅಭ್ಯಾಸವಿರುವುದರಿಂದ ಗೊಂದಲ ಇನ್ನಷ್ಟು ಬೆಳೆಯುತ್ತದೆ. ಸಂಘಟನೆಯ ನಾರ್ಮ್‌ಲೆಕ್ಸ್ ಎಂಬ ದತ್ತಸಂಚಯದಲ್ಲಿ ದೇಶದ ಹೆಸರು ಒತ್ತಿದರೆ, ಆ ದೇಶ ಅನುಮೋದಿಸಿದ ಒಡಂಬಡಿಕೆಗಳೂ ದಿನಾಂಕಗಳೂ ಅನುಮೋದಿಸದವೂ ಬೇರೆಬೇರೆಯಾಗಿ ಕಾಣುತ್ತವೆ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷದ ಕೊನೆಗೆ ಆಕೆ, “ಭಾರತ ಇದನ್ನ ಒಪ್ಪೇ ಇಲ್ಲಲ್ಲ ಸರ್, ಹಂಗಾರ ನನ್ನ ಟಾಪಿಕ್ ಹೋತು” ಎಂದರು.

ವಿಷಯ ಹೋಗಿರಲಿಲ್ಲ. ಅನುಮೋದಿಸದ ಒಡಂಬಡಿಕೆಯನ್ನು ಕಾನೂನಿನ ವಿದ್ಯಾರ್ಥಿ ಎರಡು ರೀತಿಯಲ್ಲಿ ಕೆಡಿಸಬಹುದು: ಅದು ಭಾರತವನ್ನು ಕಟ್ಟಿಹಾಕುತ್ತದೆಂಬಂತೆ ಬರೆಯುವುದು ಒಂದು, ಅದು ಇಲ್ಲವೇ ಇಲ್ಲವೆಂಬಂತೆ ಬದಿಗೆ ಸರಿಸುವುದು ಇನ್ನೊಂದು. ಸಂಘಟನೆಯ ಸಂವಿಧಾನದ 19ನೇ ವಿಧಿಯ ಪ್ರಕಾರ, ಅನುಮೋದಿಸದ ಒಡಂಬಡಿಕೆಗಳ ವಿಷಯದಲ್ಲಿ ತನ್ನ ಕಾನೂನು ಮತ್ತು ಆಚರಣೆ ಹೇಗಿವೆಯೆಂದು ಆಡಳಿತ ಮಂಡಳಿ ಕೇಳಿದಾಗ ಸದಸ್ಯ ರಾಷ್ಟ್ರ ವರದಿ ಕೊಡಬೇಕು. ಅಂಥ ವರದಿಗಳ ಆಧಾರದಲ್ಲಿ ತಜ್ಞರ ಸಮಿತಿ ಪ್ರಕಟಿಸುವ ಸಾಮಾನ್ಯ ಸಮೀಕ್ಷೆಗಳಲ್ಲಿ 2020ರದ್ದು 177ನೇ ಒಡಂಬಡಿಕೆಯನ್ನೂ ಒಳಗೊಂಡಿದೆ. ಆದರೆ ನಾನು ಆಕೆಗೆ ಮೊದಲು ಹೇಳಿದ ಕೆಲಸ ಇದಲ್ಲ. ಭಾರತ ಅನುಮೋದಿಸಿರುವ 47ರ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, ಮನೆಯಲ್ಲಿ ಕುಳಿತು ತುಂಡಿನ ಲೆಕ್ಕದಲ್ಲಿ ದುಡಿಯುವ ಹೆಂಗಸನ್ನು ಮುಟ್ಟಬಹುದಾದ ಒಂದೊಂದನ್ನೂ ಮೂಲ ಪಠ್ಯದಲ್ಲಿಯೇ ಓದಬೇಕು. ಸಾರಾಂಶಗಳನ್ನು, ಪರೀಕ್ಷೆಗೆ ಬರೆದ ಗೈಡುಗಳನ್ನು ಮುಟ್ಟಬಾರದು ಎಂದೆ.

ಸಮಾನ ವೇತನದ 100ನೆಯದು, ಅನುಮೋದನೆ 1958, ಉಪಯುಕ್ತ. ತಾರತಮ್ಯದ 111ನೆಯದು, 1960, ಅದೂ ಸರಿ. ಕಾರ್ಮಿಕ ತಪಾಸಣೆಯ 81ನೆಯದು, 1949. ಕೈಗಾರಿಕೆಯ ಕೆಲಸದ ಜಾಗಕ್ಕೆ ತಪಾಸಣಾಧಿಕಾರಿ ಹೋಗಬಹುದು, ನಡುಮನೆಗೆ ಹೋಗಬಹುದೇ ಎಂಬ ಪ್ರಶ್ನೆಯೊಂದಿಗೆ ಅದು ಬದಿಗೆ ಉಳಿಯಿತು. ಆಮೇಲೆ 1928ರ 26ನೇ ಒಡಂಬಡಿಕೆ, ಕನಿಷ್ಠ ವೇತನ ನಿಗದಿಯ ವ್ಯವಸ್ಥೆಯ ಕುರಿತದ್ದು, ಭಾರತದ ಅನುಮೋದನೆ 1955ರ ಜನವರಿ. ಅದರ ಮೊದಲನೆಯ ವಿಧಿಯ ತಾತ್ಪರ್ಯ ಇದು: ಸಾಮೂಹಿಕ ಒಪ್ಪಂದದಿಂದಾಗಲಿ ಬೇರೆ ಬಗೆಯಿಂದಾಗಲಿ ವೇತನವನ್ನು ಪರಿಣಾಮಕಾರಿಯಾಗಿ ನಿಯಂತ್ರಿಸುವ ಏರ್ಪಾಡಿಲ್ಲದ, ವೇತನ ಅಸಾಧಾರಣವಾಗಿ ಕಡಿಮೆಯಿರುವ ಕೆಲವು ಕಸುಬುಗಳಲ್ಲಿ ಅಥವಾ ಕಸುಬಿನ ಭಾಗಗಳಲ್ಲಿ, ಅದರಲ್ಲಿಯೂ ವಿಶೇಷವಾಗಿ ಮನೆಯಲ್ಲಿ ಕುಳಿತು ಮಾಡುವ ಕಸುಬುಗಳಲ್ಲಿ, ದುಡಿಯುವವರಿಗೆ ಕನಿಷ್ಠ ದರ ನಿಗದಿಯಾಗುವಂಥ ವ್ಯವಸ್ಥೆಯನ್ನು ಅನುಮೋದಿಸಿದ ರಾಷ್ಟ್ರ ರಚಿಸಬೇಕು ಅಥವಾ ಉಳಿಸಿಕೊಳ್ಳಬೇಕು. ‘ಅದರಲ್ಲಿಯೂ ವಿಶೇಷವಾಗಿ’ ಎಂದು ತೊಡಗುವ ಆ ಪದಗುಚ್ಛ ಮೂಲದಲ್ಲಿ ಆವರಣದೊಳಗಿದೆ. ಓದುವ ಕಣ್ಣು ಆವರಣವನ್ನು ಹಾರಿಸಿಕೊಂಡು ಹೋಗುತ್ತದೆ. ವರ್ಷಗಳಿಂದ ಪಾಠ ಹೇಳುವ ನಾನೂ ಈ ಒಡಂಬಡಿಕೆಯನ್ನು ಕಾರ್ಖಾನೆಯ ಕನಿಷ್ಠ ವೇತನದ ಒಡಂಬಡಿಕೆಯೆಂದೇ ತರಗತಿಯಲ್ಲಿ ಹೇಳುತ್ತ ಬಂದಿದ್ದೆ. ಆ ಆವರಣವನ್ನು ತೋರಿಸಿದವರು ಆಕೆ.

ಆ ಪದಗಳು ಅಲ್ಲಿಗೆ ಏಕೆ ಬಂದವು ಎಂದು ಹಿಂದಕ್ಕೆ ಹೋದಾಗ 1909ರ ಬ್ರಿಟನ್ನಿನ ಟ್ರೇಡ್ ಬೋರ್ಡ್ಸ್ ಕಾಯ್ದೆ ಸಿಕ್ಕಿತು. ಬೆವರು ಬಸಿಯುವ ಕಸುಬುಗಳೆಂದು ಅಲ್ಲಿ ಹೆಸರಾಗಿದ್ದ ಕೆಲಸಗಳಿಗೆ ಕನಿಷ್ಠ ಕೂಲಿ ಗೊತ್ತುಮಾಡಲು ಆ ಕಾಯ್ದೆ ಮೊದಲು ಆರಿಸಿಕೊಂಡ ನಾಲ್ಕರಲ್ಲಿ ಒಂದು ಸಿದ್ಧ ಉಡುಪಿನ ಹೊಲಿಗೆ. ಮಿಕ್ಕವು ಸರಪಳಿ ತಯಾರಿಕೆ, ಕಾಗದದ ಪೆಟ್ಟಿಗೆ, ಯಂತ್ರದ ಲೇಸಿನ ಕೊನೆಗೆಲಸ. ಕನಿಷ್ಠ ವೇತನವೆಂಬ ಕಾನೂನಿನ ಕಲ್ಪನೆ ಬೆಳೆದದ್ದರಲ್ಲಿ, ಗಂಟು ಬಿಚ್ಚಿ ಮನೆಯಲ್ಲಿ ಕುಳಿತು ಉಡುಪಿನ ಕೊನೆಗೆಲಸ ಮುಗಿಸುತ್ತಿದ್ದ ಹೆಂಗಸಿನ ಪಾಲು ಸಣ್ಣದಲ್ಲ. ಕೌಲ್ ಬಜಾರಿನ ನಡುಮನೆ ಈ ಕಾನೂನಿನ ಅಂಚಿನಲ್ಲಿಲ್ಲ, ಅದು ಹುಟ್ಟಿದ ಜಾಗದಲ್ಲಿಯೇ ಇದೆ ಎಂದು ಆಕೆ ಕರಡಿನಲ್ಲಿ ಬರೆದರು. ಆ ವಾಕ್ಯ ಸ್ವಲ್ಪ ಭಾವುಕವಾಯಿತೆಂದು ಗುರುತು ಹಾಕಿದೆ, ತೆಗೆಯಿರಿ ಎಂದು ಹೇಳಲು ಮನಸ್ಸಾಗಲಿಲ್ಲ.

ಮುಂದಿನ ಪ್ರಶ್ನೆ ಭಾರತದ ಒಳಗಿನ ಕಾನೂನಿನದು. 1948ರ ಕನಿಷ್ಠ ವೇತನ ಕಾಯ್ದೆ ‘ನೌಕರ’ ಎಂಬ ಪದದ ವ್ಯಾಖ್ಯೆಯಲ್ಲಿ ಔಟ್‌ವರ್ಕರನ್ನು ಹೆಸರು ಹೇಳಿಯೇ ಸೇರಿಸಿತ್ತು: ಇನ್ನೊಬ್ಬನ ವ್ಯಾಪಾರಕ್ಕಾಗಿ, ಮಾರಾಟದ ಸಲುವಾಗಿ, ತಯಾರಿಸಲು, ಶುಚಿಮಾಡಲು, ತೊಳೆಯಲು, ಮಾರ್ಪಡಿಸಲು, ಅಲಂಕರಿಸಲು, ಕೊನೆಗೆಲಸ ಮುಗಿಸಲು, ದುರಸ್ತಿಮಾಡಲು ವಸ್ತುಗಳನ್ನು ಯಾರಿಗೆ ಕೊಡಲಾಗುತ್ತದೆಯೋ, ಆ ಕೆಲಸವನ್ನು ಅವರು ತಮ್ಮ ಮನೆಯಲ್ಲಿ ಮಾಡಲಿ ಅಥವಾ ಕೊಟ್ಟವನ ಹತೋಟಿಯಲ್ಲಿಲ್ಲದ ಬೇರೆ ಜಾಗದಲ್ಲಿ ಮಾಡಲಿ, ಅವರೂ ನೌಕರರೇ. ಟೈಲರಿಂಗ್ ಕರ್ನಾಟಕದ ಅನುಸೂಚಿತ (ಕಾಯ್ದೆಯ ಪಟ್ಟಿಗೆ ಸೇರಿದ) ಉದ್ಯೋಗಗಳಲ್ಲಿ ಒಂದಾದದ್ದರಿಂದ ದಾರ ಕತ್ತರಿಸುವವರು ಕಾಗದದ ಮೇಲಾದರೂ ಈ ರಕ್ಷಣೆಯೊಳಗೆ ಇದ್ದರು. 26ನೇ ಒಡಂಬಡಿಕೆಯ ಆವರಣಕ್ಕೆ ಭಾರತದ ಉತ್ತರ ಈ ವ್ಯಾಖ್ಯೆಯೇ ಎಂದು ಓದಬಹುದು. ಆದರೆ 2019ರ ವೇತನ ಸಂಹಿತೆ ಕನಿಷ್ಠ ವೇತನ ಕಾಯ್ದೆಯನ್ನು ರದ್ದುಮಾಡಿ, ‘ನೌಕರ’ ಮತ್ತು ‘ಕೆಲಸಗಾರ’ ಎಂಬೆರಡು ಹೊಸ ವ್ಯಾಖ್ಯೆಗಳನ್ನು ಕೊಟ್ಟಾಗ ಔಟ್‌ವರ್ಕರ್ ಎಂಬ ಮಾತನ್ನು ಎರಡರಲ್ಲಿಯೂ ಸೇರಿಸಲಿಲ್ಲ.

ಆಕೆಯ ಕರಡು ಸಿದ್ಧವಾಗುತ್ತಿದ್ದಾಗ ಸಂಹಿತೆಯ ಈ ಭಾಗ ಇನ್ನೂ ಜಾರಿಗೆ ಬಂದಿರಲಿಲ್ಲ. ‘ಸಂಹಿತೆ ಜಾರಿಯಾದರೆ’ ಎಂದು ತೊಡಗುವ ವಾಕ್ಯಗಳೇ ಪುಟದ ತುಂಬ. 2025ರ ನವೆಂಬರ್ 21ರಂದು ಇದೂ ಸೇರಿ ನಾಲ್ಕೂ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಊಹೆಯ ಮೇಲೆ ನಿಂತಿದ್ದ ಅಧ್ಯಾಯ ಒಂದೇ ದಿನದಲ್ಲಿ ವರ್ತಮಾನದ ಕಾನೂನಾಯಿತು. ಅರ್ಧ ಪ್ರಬಂಧ ಮತ್ತೆ ಬರೆಯಬೇಕಾದುದಕ್ಕೆ ಆಕೆ ಅಳುವ ಸ್ಥಿತಿಯಲ್ಲಿದ್ದರು; ನನಗೋ, ಇಂಥ ಅದೃಷ್ಟ ಎಷ್ಟು ಜನ ಸಂಶೋಧಕರಿಗೆ ಸಿಗುತ್ತದೆ ಎಂದೆನಿಸಿತ್ತು. ರದ್ದತಿಯ ಕಲಮನ್ನು ಮಾತ್ರ ಎಚ್ಚರದಿಂದ ಓದಬೇಕಿತ್ತು. ಹಳೆಯ ಕಾಯ್ದೆಯಡಿ ಹೊರಟ ಅಧಿಸೂಚನೆಗಳು ಹೊಸ ಸಂಹಿತೆಗೆ ವಿರುದ್ಧವಾಗದಷ್ಟರ ಮಟ್ಟಿಗೆ ಉಳಿಯುತ್ತವೆಂದು ಅದು ಹೇಳುತ್ತದೆ. ದರದ ಅಧಿಸೂಚನೆ ಉಳಿಯಿತು ಸರಿ, ಆ ದರಕ್ಕೆ ಹಕ್ಕುಳ್ಳವರ ಪಟ್ಟಿಯಲ್ಲಿದ್ದ ಔಟ್‌ವರ್ಕರ್ ಉಳಿದರೇ? ಪ್ರಬಂಧದ ಪ್ರಶ್ನೆ ಇಷ್ಟು ಚಿಕ್ಕದಾಗಿ ಇಳಿದದ್ದು ಆಗಲೇ.

ಇನ್ನೊಂದು ಶೋಧ 177ನೇ ಒಡಂಬಡಿಕೆಯ ಕಡೆಯಿಂದ ಮರಳಿ ಬಂತು. 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿಯೂ, ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ‘ಗೃಹಾಧಾರಿತ ಕಾರ್ಮಿಕ’ ಎಂಬ ವ್ಯಾಖ್ಯೆ ಇದೆ. ತನ್ನ ಮನೆಯಲ್ಲಿ ಅಥವಾ ತಾನು ಆರಿಸಿಕೊಂಡ ಬೇರೆ ಜಾಗದಲ್ಲಿ, ಸಂಭಾವನೆಗಾಗಿ, ಸಲಕರಣೆ ಮತ್ತು ಸಾಮಗ್ರಿ ಉದ್ಯೋಗದಾತ ಕೊಟ್ಟರೂ ಕೊಡದಿದ್ದರೂ, ಎಂದು ಸಾಗುವ ಆ ವಾಕ್ಯವನ್ನು ಒಡಂಬಡಿಕೆಯ ಮೊದಲನೆಯ ವಿಧಿಯ ಪಕ್ಕದಲ್ಲಿ ಇಟ್ಟು ಓದಿದರೆ ಒಂದರ ಬಾಯಿಂದ ಇನ್ನೊಂದು ಬಂದಂತಿದೆ. ಅನುಮೋದಿಸದ ಒಡಂಬಡಿಕೆಯ ಮಾತು ಭಾರತದ ಕಾನೂನಿನೊಳಗೆ ಹೀಗೆ ಬಂದು ಕುಳಿತಿದೆ. ಆದರೆ ಅದು ಕುಳಿತಿರುವುದು ನೋಂದಣಿ ಮತ್ತು ಯೋಜನೆಗಳ ಅಧ್ಯಾಯದಲ್ಲಿ, ವೇತನದ ಅಧ್ಯಾಯದಲ್ಲಲ್ಲ. ಅನುಮೋದಿಸದ್ದರ ವ್ಯಾಖ್ಯೆ ಕಲ್ಯಾಣದ ಕಾನೂನಿನಲ್ಲಿ ಬದುಕಿದೆ. ಅನುಮೋದಿಸಿದ್ದಕ್ಕೆ ಉತ್ತರವಾಗಿದ್ದ ವ್ಯಾಖ್ಯೆ ವೇತನದ ಕಾನೂನಿನಿಂದ ಕಣ್ಮರೆಯಾಗಿದೆ. ಪ್ರಬಂಧದ ವಾದ ಈ ಎರಡರ ನಡುವೆ ಕಟ್ಟಿಕೊಂಡಿತು.

ಕ್ಷೇತ್ರಕಾರ್ಯದ ಬಗ್ಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿತ್ತು. ನೂರು ಮನೆಗಳ ಪ್ರಶ್ನಾವಳಿ ಮಾಡಿ ಶೇಕಡಾವಾರು ಕೋಷ್ಟಕ ಹಾಕಬೇಕೆಂಬುದು ಆಕೆಯ ಆಸೆ. ನಾನು ಒಪ್ಪಲಿಲ್ಲ. ಕಾನೂನಿನ ಪಠ್ಯದ ಅರ್ಥವನ್ನು ಕೋಷ್ಟಕ ತೀರ್ಮಾನಿಸುವುದಿಲ್ಲ. ಪರಿಚಯದ ಓಣಿಯಲ್ಲಿ, ಚಿಕ್ಕಮ್ಮನ ಗೆಳತಿಯರನ್ನೇ ಕೇಳಿ ಪಡೆದ ಅಂಕಿಗಳಿಂದ ಇಡೀ ಬಳ್ಳಾರಿಯ ಬಗ್ಗೆ ಏನನ್ನೂ ಹೇಳಲಾಗದು. ಕೆಲವೇ ಮನೆಗಳಿಗೆ, ಒಪ್ಪಿಗೆ ಪಡೆದು, ಹೆಸರು ಬರೆದುಕೊಳ್ಳದೆ ಹೋಗಿ, ವ್ಯಾಖ್ಯೆಯ ಒಂದೊಂದು ಪದಕ್ಕೂ ವಾಸ್ತವದಲ್ಲಿ ಏನು ಎದುರಾಗುತ್ತದೆಂದು ನೋಡಿ ಬರುವುದೆಂದು ಕೊನೆಗೆ ತೀರ್ಮಾನವಾಯಿತು. ಗಂಟು ಕೊಡುವವನು ಯಾರು, ಕತ್ತರಿ ಯಾರದು, ದಾರ ಉಳಿದ ತುಂಡನ್ನು ವಾಪಸ್ ಕಳಿಸುವ ಅಧಿಕಾರ ಯಾರಿಗೆ, ಬಟ್ಟೆಗೆ ಕತ್ತರಿ ತಾಗಿದರೆ ನಷ್ಟ ಯಾರ ಲೆಕ್ಕಕ್ಕೆ. ಕನ್ನಡ, ತೆಲುಗು, ಉರ್ದು ಮೂರೂ ಬೆರೆಯುವ ಆ ಓಣಿಗಳಲ್ಲಿ ‘ಉದ್ಯೋಗದಾತ’ ಎಂಬ ಪದವನ್ನು ಯಾರ ಬಾಯಲ್ಲೂ ಕೇಳಲಿಲ್ಲವೆಂದು ಆಕೆ ಟಿಪ್ಪಣಿ ಮಾಡಿಕೊಂಡಿದ್ದರು. ಒಬ್ಬ ಹಿರಿಯ ಹೆಂಗಸು ಹೇಳಿದ ಮಾತನ್ನಂತೂ ಹಾಗೆಯೇ ಬರೆದು ತಂದಿದ್ದರು: “ನಾವೇನ್ ಕೆಲಸಕ್ಕ ಹೋಗಲ್ಲವ್ವಾ. ಮನ್ಯಾಗ ಕುಂತು ದಾರ ಕತ್ತರಿಸ್ತೀವಿ, ಅಷ್ಟ.” ದುಡಿಯುವವರೇ ತಮ್ಮದನ್ನು ಕೆಲಸವೆಂದು ಎಣಿಸದಿರುವಾಗ ವ್ಯಾಖ್ಯೆಯಲ್ಲಿ ಹೆಸರು ಹೇಳಿ ಸೇರಿಸುವುದಕ್ಕೂ, ಸಾಮಾನ್ಯ ಪದದೊಳಗೆ ಅಡಗಿದ್ದಾರೆಂದು ವಾದಿಸುವುದಕ್ಕೂ ಎಷ್ಟು ಅಂತರವಿದೆಯೆಂದು ತೋರಿಸಲು ಆ ಒಂದು ಮಾತು ಸಾಕಾಯಿತು.

ಅತ್ಯಂತ ಕಷ್ಟವಾದದ್ದು ಎದುರುವಾದವನ್ನು ಪ್ರಾಮಾಣಿಕವಾಗಿ ಬರೆಸುವುದು. ಸಂಹಿತೆ ಗೃಹ ಕಾರ್ಮಿಕರನ್ನು ಹೊರಹಾಕಿದೆ ಎಂದು ಆಕೆ ಖಚಿತವಾಗಿ ಬರೆದಿದ್ದರು. ವ್ಯಾಖ್ಯೆಯಲ್ಲಿ ಹೆಸರಿಲ್ಲದಿರುವುದು ಹೊರಹಾಕಿದಂತೆ ಅಲ್ಲ. ತುಂಡಿನ ಲೆಕ್ಕದಲ್ಲಿ ಹೊಲಿಯುತ್ತಿದ್ದ ದರ್ಜಿಗಳು ನೌಕರರೇ ಎಂದು ಸುಪ್ರೀಂ ಕೋರ್ಟು ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ 1973ರಲ್ಲಿಯೇ ಹೇಳಿದೆ; ಸರಿಯಿಲ್ಲದ ಹೊಲಿಗೆಯನ್ನು ತಿರಸ್ಕರಿಸಿ ಮತ್ತೆ ಹೊಲಿಸುವ ಹಕ್ಕು ಮಾಲೀಕನಿಗಿದ್ದುದನ್ನು ಹತೋಟಿಯ ಗುರುತೆಂದು ಅದು ಪರಿಗಣಿಸಿತು. ಅವರು ಅಂಗಡಿಯೊಳಗೇ ಕುಳಿತು ಹೊಲಿಯುತ್ತಿದ್ದವರು ಎಂಬ ವ್ಯತ್ಯಾಸವೇನೋ ಇದೆ. ಆದರೆ ಪಿ. ಎಂ. ಪಟೇಲ್ ಪ್ರಕರಣದಲ್ಲಿ ಮನೆಯಲ್ಲಿ ಕುಳಿತು ಬೀಡಿ ಸುತ್ತುವವರೂ ಭವಿಷ್ಯನಿಧಿ ಕಾಯ್ದೆಯ ಅರ್ಥದಲ್ಲಿ ನೌಕರರೇ ಎಂದು ಅದೇ ನ್ಯಾಯಾಲಯ ತೀರ್ಪಿತ್ತಿದೆ. ಈ ತೀರ್ಪುಗಳ ಬಲದಿಂದ ‘ಕೆಲಸಗಾರ’ ಎಂಬ ಹೊಸ ವ್ಯಾಖ್ಯೆಯೊಳಗೂ ದಾರ ಕತ್ತರಿಸುವವರನ್ನು ಸೇರಿಸಿ ಓದಬಹುದೆಂದು ಸರ್ಕಾರ ವಾದಿಸಬಹುದು, ಆ ವಾದ ದುರ್ಬಲವೂ ಅಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಭಾರತದ ಸಂವಿಧಾನದ 23ನೇ ವಿಧಿಯ ಅರ್ಥದಲ್ಲಿ ಬಲವಂತದ ದುಡಿಮೆ ಎಂದ 1982ರ ಏಷ್ಯಾಡ್ (ದೆಹಲಿಯ ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕಾರ್ಮಿಕರ ತೀರ್ಪೂ, ಒಳಗಿನ ಕಾನೂನು ಮೌನವಾಗಿರುವಾಗ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಆಧರಿಸಬಹುದೆಂದ 1997ರ ವಿಶಾಖಾ ತೀರ್ಪೂ ಅದೇ ಕಡೆಗೆ ನಿಲ್ಲುತ್ತವೆ. ನಾಲ್ಕು ಸುತ್ತಿನ ತಿದ್ದುಪಡಿಯ ನಂತರ ‘ಹೊರಹಾಕಿದೆ’ ಎಂಬುದು ‘ಅನಿಶ್ಚಿತತೆಗೆ ತಳ್ಳಿದೆ’ ಎಂದಾಯಿತು. ಇದರಿಂದ ಪ್ರಬಂಧ ಸಪ್ಪೆಯಾಯಿತೆಂದು ಆಕೆಗೆ ಬೇಸರವಿತ್ತು. ನನ್ನ ಲೆಕ್ಕದಲ್ಲಿ ಅದು ಬಲವಾದದ್ದು ಆ ತಿದ್ದುಪಡಿಯಿಂದಲೇ: ವ್ಯವಸ್ಥೆಯನ್ನು ‘ಉಳಿಸಿಕೊಳ್ಳಬೇಕು’ ಎಂಬ ಬಾಧ್ಯತೆ ಹೊತ್ತ ರಾಷ್ಟ್ರ, ಸ್ಪಷ್ಟವಾಗಿದ್ದುದನ್ನು ಅಸ್ಪಷ್ಟ ಮಾಡಿದರೆ ಬಾಧ್ಯತೆ ಪಾಲನೆಯಾಯಿತೇ ಎಂಬ ಪ್ರಶ್ನೆ ಆಗ ಮಾತ್ರ ಎದ್ದು ಕಾಣುತ್ತದೆ.

ಒಡಂಬಡಿಕೆಯ ಐದನೆಯ ವಿಧಿಯೂ ಕೊನೆಯ ಅಧ್ಯಾಯಕ್ಕೆ ಒದಗಿತು. ಕನಿಷ್ಠ ವೇತನದ ವ್ಯವಸ್ಥೆ ಅನ್ವಯವಾಗಿರುವ ಕಸುಬುಗಳ ಪಟ್ಟಿ, ಅದರೊಳಗೆ ಬರುವ ಕಾರ್ಮಿಕರ ಅಂದಾಜು ಸಂಖ್ಯೆ, ನಿಗದಿಯಾದ ದರ ಇವುಗಳನ್ನು ಅನುಮೋದಿಸಿದ ರಾಷ್ಟ್ರ ಜಿನೀವಾಕ್ಕೆ ತಿಳಿಸಬೇಕೆಂದು ಅದು ವಿಧಿಸುತ್ತದೆ. ಆ ಲೆಕ್ಕದಲ್ಲಿ ಗೃಹ ಕಾರ್ಮಿಕರನ್ನು ಇನ್ನು ಮುಂದೆ ಯಾವ ಹೆಸರಿನಲ್ಲಿ ಎಣಿಸುತ್ತೀರಿ ಎಂದು ಕಾರ್ಮಿಕ ಸಂಘಟನೆಗಳು ತಜ್ಞರ ಸಮಿತಿಯ ಮುಂದೆ ಕೇಳಬಹುದೆಂದು ಆಕೆ ಸಲಹೆ ಮಾಡಿದರು. ಸಂಘಟನೆಯ ಸಂವಿಧಾನದ 23ನೇ ವಿಧಿಯಂತೆ ಸರ್ಕಾರದ ವರದಿಯ ಪ್ರತಿ ಮಾಲೀಕರ ಮತ್ತು ಕಾರ್ಮಿಕರ ಪ್ರಾತಿನಿಧಿಕ ಸಂಘಟನೆಗಳಿಗೂ ಹೋಗಬೇಕಾದ್ದರಿಂದ ಅಂಥ ಪ್ರಶ್ನೆಗೆ ದಾರಿ ಇದೆ.

ಮೌಖಿಕ ಪರೀಕ್ಷೆ ಅರ್ಧ ಗಂಟೆಯೂ ನಡೆಯಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು: ವೇತನ ಸಂಹಿತೆಯಲ್ಲಿ ‘ಎಸ್ಟಾಬ್ಲಿಷ್‌ಮೆಂಟ್’ ಎಂದರೆ ಯಾವುದೇ ಉದ್ಯಮ, ವ್ಯಾಪಾರ, ತಯಾರಿಕೆ ಅಥವಾ ಕಸುಬು ನಡೆಯುವ ಜಾಗ, ಹಾಗಿದ್ದಲ್ಲಿ ದಾರ ಕತ್ತರಿಸುವ ನಡುಮನೆಯನ್ನೇ ಎಸ್ಟಾಬ್ಲಿಷ್‌ಮೆಂಟ್ ಎಂದು ಓದಿ ಸಮಸ್ಯೆ ಬಗೆಹರಿಸಬಾರದೇಕೆ? ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಓದಬಹುದು ಸರ್. ಆದರೆ ಆ ಜಾಗವನ್ನು ನಡೆಸುವವರು ಯಾರೆಂಬ ಪ್ರಶ್ನೆ ಆಮೇಲೆ ಬರುತ್ತದೆ. ಮನೆ ನನ್ನ ಚಿಕ್ಕಮ್ಮನದು. ಗಂಟು ಕಳಿಸಿದವನು ತಪ್ಪಿಸಿಕೊಂಡು, ನನ್ನ ಚಿಕ್ಕಮ್ಮ ಮಾಲೀಕಳಾಗಿಬಿಡುತ್ತಾಳೆ” ಎಂದರು. ಪರೀಕ್ಷಕರು ಅದನ್ನು ಪ್ರಬಂಧದಲ್ಲಿ ಏಕೆ ಬರೆದಿಲ್ಲವೆಂದು ಕೇಳಿ, ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದರು. ಗ್ರಂಥಾಲಯಕ್ಕೆ ಕೊಟ್ಟ ಪ್ರತಿಯಲ್ಲಿ ಅದು ಮೂರನೆಯ ಅಧ್ಯಾಯದ ಕೊನೆಗೆ ಒಂದು ಪ್ಯಾರಾ ಆಗಿ ಸೇರಿದೆ.